ಲೆಸ್ಟರ್‌ನಲ್ಲಿ ಹುಟ್ಟಿದ್ದಕ್ಕೆ ರಕ್ತ ಬೇಡ ಅಂದರು: ಹುಚ್ಚು ಹಸು ರೋಗ ಮನುಷ್ಯರಿಗೆ ಬಂದದ್ದು ಹೇಗೆ?

ಸಹನಾ_ಎಡಿಸನ್

ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿದ್ದು 1988ರಲ್ಲಿ, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಅಪ್ಪ ಅಲ್ಲಿ ಕೆಲಸದಲ್ಲಿದ್ದರು. ನನಗೆ ಏಳು ವರ್ಷ ಆದಾಗ ಮೈಸೂರಿಗೆ ವಾಪಸ್ ಬಂದೆವು. ಈಗ ಅಮೆರಿಕದಲ್ಲಿದ್ದೇನೆ.

2019ರಲ್ಲಿ ಆಫೀಸಿನಲ್ಲಿ ರಕ್ತದಾನ ಶಿಬಿರ ಇತ್ತು. ಫಾರ್ಮ್ ತುಂಬಿ, ತೋಳು ಮಡಚಿಕೊಂಡು ಕೂತಿದ್ದೆ. ನರ್ಸ್ ಫಾರ್ಮ್ ಓದಿ ಪೆನ್ನು ಕೆಳಗಿಟ್ಟರು. 1980ರಿಂದ 1996ರ ನಡುವೆ ಬ್ರಿಟನ್ನಿನಲ್ಲಿ ಮೂರು ತಿಂಗಳು ಇದ್ದವರ ರಕ್ತ ತಗೊಳ್ಳೋ ಹಾಗಿಲ್ಲವಂತೆ. ಹುಚ್ಚು ಹಸು ರೋಗದ ಭಯಕ್ಕೆ. ನಾವು ಮನೇಲಿ ಮೊಟ್ಟೆ ಕೂಡ ತಿನ್ನದವರು. ಎದ್ದು ಬಂದೆ, ಮನಸ್ಸಿಗೆ ತುಂಬಾ ಕಸಿವಿಸಿ ಆಯ್ತು.

2022ರಲ್ಲಿ ಆ ನಿಯಮ ತೆಗೆದರು. ಆದರೂ ಒಂದು ಪ್ರಶ್ನೆ ಉಳಿದುಬಿಟ್ಟಿದೆ. ಹಸುವಿನ ರೋಗ ಮನುಷ್ಯರಿಗೆ ಹೇಗೆ ಬಂತು? ನನ್ನಂಥವರು ಇನ್ನೂ ಹೆದರಬೇಕಾ? ತಿಳಿದವರು ನಿಧಾನವಾಗಿ ಬಿಡಿಸಿ ಹೇಳ್ತೀರಾ?

ಸತ್ಯಾನ್ವೇಷಿ

ದನದ ಮಾಂಸ ತಿಂದವರಿಗೆ ಮಾತ್ರ ಬರುತ್ತೆ ಮೇಡಂ. ನೀವು ಸಸ್ಯಾಹಾರಿ. ಯೋಚನೆ ಬಿಡಿ.

ನಿವೃತ್ತ_ಪಶುವೈದ್ಯ

ಅಷ್ಟು ಸುಲಭಕ್ಕೆ ಮುಗಿಸೋದು ಬೇಡ. ಮೊದಲು ಹಸುವಿನ ಕಡೆಯಿಂದ ಹೇಳ್ತೀನಿ, ನನ್ನ ಜೀವನ ಕಳೆದದ್ದೇ ಕೊಟ್ಟಿಗೆಗಳಲ್ಲಿ.

1984ರ ಡಿಸೆಂಬರ್. ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಪಿಟ್‌ಶಾಮ್ ಅನ್ನೋ ಒಂದು ಡೈರಿ ಫಾರ್ಮ್. ಅಲ್ಲಿನ 133ನೇ ನಂಬರಿನ ಹಸು ಬೆನ್ನು ಗೂನು ಮಾಡಿಕೊಂಡು ನಿಲ್ಲೋಕೆ ಶುರು ಮಾಡಿತು. ಮೈ ಇಳಿಯಿತು. ತಲೆ ನಡುಗತೊಡಗಿತು, ಹೆಜ್ಜೆ ತಪ್ಪತೊಡಗಿತು. ಫೆಬ್ರವರಿ 1985ರಲ್ಲಿ ಸತ್ತಿತು. ಇದು ಹೊಸ ರೋಗ ಅಂತ ವೇಬ್ರಿಜ್‌ನ ಪಶುವೈದ್ಯ ಪ್ರಯೋಗಾಲಯ ಗುರುತಿಸಿದ್ದು 1986ರ ನವೆಂಬರ್‌ನಲ್ಲಿ. ಮಿದುಳಿನ ತೆಳು ಪದರ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಣ್ಣ ಸಣ್ಣ ತೂತು. ನೀರು ದೋಸೆಯ ಮೈ ನೋಡಿದ್ದೀರಲ್ಲ, ಹಾಗೆ. ವೈದ್ಯರು ಸ್ಪಂಜಿಗೆ ಹೋಲಿಸಿ ಹೆಸರಿಟ್ಟರು, ಬೋವೈನ್ ಸ್ಪಾಂಜಿಫಾರ್ಮ್ ಎನ್ಸೆಫಲೋಪತಿ, ಚಿಕ್ಕದಾಗಿ ಬಿಎಸ್‌ಇ ಅಂತ.

ಎಲ್ಲಿಂದ ಬಂತು? ಜಾನ್ ವೈಲ್ಸ್‌ಮಿತ್ ಅನ್ನೋ ಪಶುವೈದ್ಯರು ಫಾರ್ಮ್‌ನಿಂದ ಫಾರ್ಮ್‌ಗೆ ವಿಚಾರಿಸಿ ನೋಡಿದರು. ರೋಗ ಬಂದ ಹಸುಗಳಿಗೆಲ್ಲ ಸಾಮಾನ್ಯವಾಗಿದ್ದದ್ದು ಒಂದೇ, ತಿಂದ ಹಿಂಡಿ. ಕಸಾಯಿಖಾನೆಯಲ್ಲಿ ಉಳಿದ ಮೂಳೆ, ಮಿದುಳು, ಬೆನ್ನುಹುರಿ, ಸತ್ತ ದನ, ಕುರಿ ಎಲ್ಲವನ್ನೂ ಬೇಯಿಸಿ, ಕೊಬ್ಬು ತೆಗೆದು, ಪುಡಿ ಮಾಡಿ ಹಿಂಡಿಗೆ ಬೆರೆಸುತ್ತಿದ್ದರು. ಹಾಲು ಜಾಸ್ತಿ ಕೊಡಲಿ ಅಂತ ಪ್ರೋಟೀನಿಗಾಗಿ. ಡೈರಿ ಕರುಗಳಿಗೆ ಎಳವೆಯಲ್ಲೇ ಇದನ್ನು ತಿನ್ನಿಸುತ್ತಿದ್ದರು. ಮೆಲುಕು ಹಾಕೋ ಪ್ರಾಣಿಗೆ ಅದರದೇ ಜಾತಿಯ ಮೂಳೆ, ಮಾಂಸ. ಒಂದು ಹಸುವಿನ ರೋಗ ಹಿಂಡಿಯ ಮೂಲಕ ನೂರು ಹಸುವಿಗೆ, ಆ ನೂರರಿಂದ ಸಾವಿರಕ್ಕೆ.

ನಾನು ಇದನ್ನು ಮೊದಲ ಸಲ ಓದಿದಾಗ ಆ ರಾತ್ರಿ ಊಟ ಸೇರಲಿಲ್ಲ.

ತಿಪಟೂರು_ಕೊಟ್ಟಿಗೆ

ಡಾಕ್ಟ್ರೇ, ಎಷ್ಟು ಹಸು ಹೋದವು ಒಟ್ಟು?

ನಿವೃತ್ತ_ಪಶುವೈದ್ಯ

ಬ್ರಿಟನ್ನಿನಲ್ಲೇ ರೋಗ ಖಚಿತವಾದವು 1 ಲಕ್ಷ 80 ಸಾವಿರಕ್ಕೂ ಮೇಲೆ. 1992ನೇ ಒಂದೇ ವರ್ಷ 37 ಸಾವಿರ. ಮುಂಜಾಗ್ರತೆ ಅಂತ ಕೊಂದದ್ದು 44 ಲಕ್ಷ.

1988ರ ಜುಲೈನಲ್ಲಿ ದನಗಳಿಗೆ ಈ ಪುಡಿ ಹಾಕಬಾರದು ಅಂತ ನಿಷೇಧ ಬಂತು. ಆದರೆ ಹಂದಿ, ಕೋಳಿಗೆ ಹಾಕಬಹುದು ಅಂದರು. ಅದೇ ಮಿಲ್ಲು, ಅದೇ ಯಂತ್ರ. ಕೋಳಿ ಆಹಾರ ರುಬ್ಬಿದ ಮೇಲೆ ದನದ ಆಹಾರ ರುಬ್ಬಿದರೆ ಒಳಗೆ ಅಂಟಿದ ಪುಡಿ ಎಲ್ಲಿ ಹೋಗುತ್ತೆ? ನಿಷೇಧದ ನಂತರ ಹುಟ್ಟಿದ ಹಸುಗಳಲ್ಲೂ 40 ಸಾವಿರಕ್ಕಿಂತ ಜಾಸ್ತಿ ಹಸುಗಳಿಗೆ ರೋಗ ಬಂತು. ರೋಗ ಬಂದ ಹಸುವಿನ ಒಂದು ಗ್ರಾಂ ಮಿದುಳು ಸಾಕು ಒಂದು ಕರುವಿಗೆ ಅಂಟಿಸೋಕೆ. ಕಾಲು ಟೀ ಚಮಚದಷ್ಟೂ ಆಗಲ್ಲ ಅದು. 1996ರಲ್ಲಿ ಯಾವ ಸಾಕುಪ್ರಾಣಿಗೂ ಬೇಡ ಅಂತ ಪೂರ್ತಿ ನಿಲ್ಲಿಸಿದ ಮೇಲೆಯೇ ಹಿಡಿತಕ್ಕೆ ಬಂದದ್ದು.

ಸತ್ಯಾನ್ವೇಷಿ

ಚೆನ್ನಾಗಿ ಬೇಯಿಸಿದರೆ ಯಾವ ಕ್ರಿಮಿಯೂ ಉಳಿಯಲ್ಲ ಅಲ್ವಾ? ಬೇಯಿಸಿ ಪುಡಿ ಮಾಡಿದ್ದರು ಅಂತ ನೀವೇ ಹೇಳ್ತೀರಿ.

ಬಯೋಕೆಮ್_ಮೈಸೂರು

ಇಲ್ಲೇ ಇರೋದು ವಿಷಯ. ಇದು ಕ್ರಿಮಿಯೇ ಅಲ್ಲ. ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ. ಜೀವ ಇದ್ದರೆ ತಾನೆ ಕೊಲ್ಲೋದು?

ನಮ್ಮೆಲ್ಲರ ನರಕೋಶಗಳ ಮೇಲೆ ಒಂದು ಪ್ರೋಟೀನ್ ಇರುತ್ತೆ. ಸರಿಯಾಗಿ ಮಡಿಸಿಕೊಂಡಿದ್ದರೆ ಏನೂ ತೊಂದರೆ ಇಲ್ಲ. ಅದೇ ಪ್ರೋಟೀನ್ ತಪ್ಪು ಆಕಾರದಲ್ಲಿ ಮಡಿಸಿಕೊಂಡರೆ ಅದಕ್ಕೆ ಪ್ರಿಯಾನ್ ಅಂತ ಹೆಸರು. 1982ರಲ್ಲಿ ಸ್ಟ್ಯಾನ್ಲಿ ಪ್ರೂಸಿನರ್ ಇಟ್ಟ ಹೆಸರು. ಆಗ ಎಷ್ಟೋ ವಿಜ್ಞಾನಿಗಳು ನಂಬಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಲಿಗೆ ಹೆಪ್ಪು ಹಾಕೋದನ್ನ ನೆನಪಿಸಿಕೊಳ್ಳಿ. ಒಂದು ಚಮಚ ಮೊಸರು ಪಾತ್ರೆ ತುಂಬ ಹಾಲನ್ನು ಮೊಸರು ಮಾಡುತ್ತೆ. ನಾಳೆ ಆ ಮೊಸರೇ ಇನ್ನೊಂದು ಪಾತ್ರೆಗೆ ಹೆಪ್ಪು. ಮೊಸರಿನಲ್ಲಿ ಆ ಕೆಲಸ ಮಾಡೋದು ಜೀವ ಇರೋ ಬ್ಯಾಕ್ಟೀರಿಯಾ. ಇಲ್ಲಿ ಜೀವವೇ ಇಲ್ಲ, ಬರೀ ಆಕಾರ ದಾಟುತ್ತಾ ಹೋಗುತ್ತೆ. ಡೊಂಕಾದ ಪ್ರೋಟೀನ್ ಪಕ್ಕದ ನೆಟ್ಟಗಿರೋದನ್ನ ಡೊಂಕು ಮಾಡುತ್ತೆ. ವರ್ಷಗಟ್ಟಲೆ ಸದ್ದಿಲ್ಲದೆ. ಅಡುಗೆಮನೆಯ ಕುದಿಯೋ ನೀರು ಇದಕ್ಕೆ ಏನೂ ಅಲ್ಲ. ಫಾರ್ಮಲಿನ್‌ನಲ್ಲಿ ಅದ್ದಿಟ್ಟರೂ ಹೋಗಲ್ಲ.

ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು 134 ಡಿಗ್ರಿಯಲ್ಲಿ 18 ನಿಮಿಷ ಆಟೋಕ್ಲೇವ್ ಮಾಡೋ, ಅಂದರೆ ಒತ್ತಡದ ಹಬೆಯಲ್ಲಿ ಇಡೋ ಪದ್ಧತಿ ಈ ಕಾರಣಕ್ಕೇ ಬಂತು. ಅದಾದ ಮೇಲೂ ಪೂರ್ತಿ ಹೋಯಿತು ಅನ್ನೋ ಖಾತ್ರಿ ಇಲ್ಲ.

ಫ್ರಾನ್ಸ್‌ನಲ್ಲಿ 2010ರಲ್ಲಿ ಒಬ್ಬ ಲ್ಯಾಬ್ ಹುಡುಗಿಗೆ ರೋಗದ ಇಲಿಯ ಮಿದುಳು ಕತ್ತರಿಸುವಾಗ ಬೆರಳಿಗೆ ಚುಚ್ಚಿತು. ಆಗ ಅವಳಿಗೆ 24 ವರ್ಷ. ಏಳೂವರೆ ವರ್ಷ ಏನೂ ಇರಲಿಲ್ಲ. ಆಮೇಲೆ ಭುಜ, ಕುತ್ತಿಗೆಯಲ್ಲಿ ಉರಿ, ನೋವು. 2019ರಲ್ಲಿ ತೀರಿಕೊಂಡಳು. ನಾನೂ ಲ್ಯಾಬಿನಲ್ಲಿ ಕೆಲಸ ಮಾಡೋಳು. ಗ್ಲೌಸ್ ಹಾಕುವಾಗೆಲ್ಲ ಅವಳು ನೆನಪಾಗ್ತಾಳೆ.

ಮಿಡ್‌ಲ್ಯಾಂಡ್ಸ್_ಡಾಕ್ಟರ್

ಸಹನಾ, ನಾನು ದಾವಣಗೆರೆಯವನು. 1993ರಿಂದ ಇಲ್ಲೇ ಇಂಗ್ಲೆಂಡಿನಲ್ಲಿ ಇದ್ದೇನೆ. ಮನುಷ್ಯರ ಕಡೆಯ ಕಥೆ ನಾನು ಹೇಳ್ತೇನೆ.

ಸರ್ಕಾರ ನೇಮಿಸಿದ ಸೌತ್‌ವುಡ್ ಸಮಿತಿ 1989ರಲ್ಲಿ ವರದಿ ಕೊಟ್ಟಿತು. ಇದು ಮನುಷ್ಯರಿಗೆ ಬರೋ ಸಾಧ್ಯತೆ ತೀರಾ ಕಡಿಮೆ ಅಂದಿತು. ಕುರಿಗಳಿಗೆ ಸ್ಕ್ರೇಪಿ ಅನ್ನೋ ಇಂಥದ್ದೇ ರೋಗ 250 ವರ್ಷದಿಂದ ಇದೆ, ಅದು ಮನುಷ್ಯರಿಗೆ ಬಂದಿಲ್ಲ, ಇದೂ ಬರಲಿಕ್ಕಿಲ್ಲ ಅನ್ನೋ ಲೆಕ್ಕ. ಅಂದಾಜು ತಪ್ಪಾಗಿದ್ದರೆ ಪರಿಣಾಮ ಭಯಂಕರ ಅಂತಲೂ ಅದೇ ವರದಿ ಹೇಳಿತ್ತು. ಆ ಮಾತನ್ನು ಯಾರೂ ಎತ್ತಿ ಹೇಳಲಿಲ್ಲ. 1990ರ ಮೇ ತಿಂಗಳಲ್ಲಿ ಬ್ರಿಸ್ಟಲ್‌ನಲ್ಲಿ ಒಂದು ಸಾಕಿದ ಬೆಕ್ಕು ಇದೇ ಥರದ ರೋಗದಿಂದ ಸತ್ತದ್ದು ಸುದ್ದಿಯಾಯಿತು. ಹಸುವಿನಿಂದ ಬೆಕ್ಕಿಗೆ ದಾಟಿದರೆ ನಮಗೇಕೆ ದಾಟಲ್ಲ ಅಂತ ಜನ ಕೇಳಿದರು. ಅದೇ ತಿಂಗಳು ಕೃಷಿ ಮಂತ್ರಿ ಜಾನ್ ಗಮ್ಮರ್ ಕ್ಯಾಮೆರಾಗಳ ಮುಂದೆ ನಾಲ್ಕು ವರ್ಷದ ಸ್ವಂತ ಮಗಳಿಗೆ ಬರ್ಗರ್ ಕೊಟ್ಟರು. ಭಯ ಬೇಡ ಅಂತ ತೋರಿಸೋಕೆ.

1996ರ ಮಾರ್ಚ್ 20ರಂದು ಆರೋಗ್ಯ ಮಂತ್ರಿ ಸ್ಟೀಫನ್ ಡೊರೆಲ್ ಸಂಸತ್ತಿನಲ್ಲಿ ಎದ್ದು ನಿಂತರು. ಹತ್ತು ಮಂದಿ ಎಳೆಯರಿಗೆ ಹೊಸ ಬಗೆಯ ಸಿಜೆಡಿ (ಪ್ರಿಯಾನ್‌ನಿಂದ ಮಿದುಳು ಹಾಳಾಗೋ ಅಪರೂಪದ ರೋಗ) ಬಂದಿದೆ, ಹಸುವಿನ ರೋಗದಿಂದಲೇ ಬಂದಿರೋ ಸಾಧ್ಯತೆ ಹೆಚ್ಚು ಅಂದರು. ಆ ದಿನ ಡ್ಯೂಟಿ ರೂಮಿನ ರೇಡಿಯೋದಲ್ಲಿ ಕೇಳಿದ್ದು ನೆನಪಿದೆ. ಯಾರೂ ಮಾತಾಡಲಿಲ್ಲ.

1999ರಲ್ಲಿ ನಾನಿದ್ದ ವಾರ್ಡಿಗೆ ಒಬ್ಬ ಕಾಲೇಜು ಹುಡುಗ ಬಂದ. ಅದಕ್ಕೂ ಮುಂಚೆ ಎಂಟು ತಿಂಗಳು ಖಿನ್ನತೆ ಅಂತ ಮಾತ್ರೆ ನುಂಗಿದ್ದ. ಈ ರೋಗ ಶುರುವಾಗೋದೇ ಹಾಗೆ. ಬೇಸರ, ಆತಂಕ, ಯಾರೊಂದಿಗೂ ಸೇರದೇ ಇರೋದು. ಆಮೇಲೆ ಕಾಲುಗಳಲ್ಲಿ ಅರ್ಥವಾಗದ ನೋವು. ಹೊದಿಕೆ ತಾಗಿದರೂ ಅವನು ಚೀರುತ್ತಿದ್ದ. ಅವನ ತಾಯಿ ಕಾಲುಗಳ ಎರಡೂ ಬದಿಗೆ ದಿಂಬು ನಿಲ್ಲಿಸಿ, ಅದರ ಮೇಲೆ ಹೊದಿಕೆ ಹರಡಿ, ಒಂದು ಪುಟ್ಟ ಗುಡಾರದ ಥರ ಮಾಡಿದ್ದರು. ರಾತ್ರಿ ಪಾಳಿಯಲ್ಲಿ ನೋಡಿದಾಗೆಲ್ಲ ಆ ತಾಯಿ ಎದ್ದಿರುತ್ತಿದ್ದರು, ದಿಂಬು ಜಾರದ ಹಾಗೆ ಕೈ ಇಟ್ಟುಕೊಂಡು. ಮುಂದೆ ನಡಿಗೆ ತಪ್ಪಿತು, ಮಾತು ಹೋಯಿತು, ತಾಯಿಯ ಗುರುತೂ ಹೋಯಿತು. ಒಂದು ವರ್ಷದ ಸ್ವಲ್ಪ ಮೇಲೆ ಬದುಕಿದ್ದ.

ಈವರೆಗೆ ಬ್ರಿಟನ್ನಿನಲ್ಲಿ 178 ಮಂದಿ ಹೀಗೆ ಸತ್ತರು. 2000ದಲ್ಲಿ ಅತಿ ಹೆಚ್ಚು, 28. ಅದಾದ ಮೇಲೆ ಇಳಿಯಿತು. ಫ್ರಾನ್ಸ್ ಮತ್ತು ಉಳಿದ ದೇಶಗಳು ಸೇರಿ 230 ದಾಟುತ್ತೆ. ಲಕ್ಷಗಟ್ಟಲೆ ಜನ ಸಾಯ್ತಾರೆ ಅಂತ ಆಗ ಕೆಲವರು ಅಂದಾಜು ಮಾಡಿದ್ದರು, ಹಾಗಾಗಲಿಲ್ಲ. ಆದರೆ ಸತ್ತವರ ವಯಸ್ಸು ನೋಡಿ. ಸರಾಸರಿ 28. ಅಪ್ಪ ಅಮ್ಮ ಬದುಕಿದ್ದು ಮಕ್ಕಳು ಹೋದ ರೋಗ ಇದು.

ಸಹನಾ_ಎಡಿಸನ್

ಓದಿ ಕಣ್ಣು ತುಂಬಿ ಬಂತು ಸರ್. ನಾವಿದ್ದ ಲೆಸ್ಟರ್ ಕಡೆಯೂ ಆಗಿತ್ತಾ?

ಮಿಡ್‌ಲ್ಯಾಂಡ್ಸ್_ಡಾಕ್ಟರ್

ಆಗಿತ್ತಮ್ಮ. ಲೆಸ್ಟರ್ ಪಕ್ಕದ ಕ್ವೀನಿಬರೋ ಅನ್ನೋ ಹಳ್ಳಿಯ ಸುತ್ತಮುತ್ತ ಐದು ಮಂದಿ ಸತ್ತರು. ಆ ತನಿಖೆಯನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಹೇಗೆ ಹರಡಿತು ಅನ್ನೋ ನಿಮ್ಮ ಪ್ರಶ್ನೆಗೆ ಅಷ್ಟು ಹತ್ತಿರದಿಂದ ಉತ್ತರ ಬೇರೆಲ್ಲೂ ಸಿಕ್ಕಿಲ್ಲ.

ಸತ್ತವರ ಮನೆಯವರನ್ನು, ಜೊತೆಗೆ ಅದೇ ವಯಸ್ಸಿನ ಆರೋಗ್ಯವಂತರ ಮನೆಯವರನ್ನೂ ಕೂರಿಸಿ, 1980ರ ದಶಕದಲ್ಲಿ ಮಾಂಸ ಎಲ್ಲಿ ತಗೊಳ್ತಿದ್ರಿ ಅಂತ ಕೇಳಿದರು. ಉತ್ತರ ಹೋಗಿ ನಿಂತದ್ದು ಕೆಲವು ಸಣ್ಣ ಕಟುಕರ ಅಂಗಡಿಗಳ ಮುಂದೆ. ಅವರು ದನದ ತಲೆ ಒಡೆದು ಮಿದುಳು ತೆಗೆಯುತ್ತಿದ್ದರು. ಆಗ ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಮಿದುಳು ಅಂದರೆ ಗಂಜಿಯ ಹಾಗೆ, ಅಂಟಂಟು. ತೆಗೆದ ಚಾಕು ಅದೇ, ಮರದ ಹಲಗೆ ಅದೇ, ಒರೆಸುವ ಬಟ್ಟೆಯೂ ಅದೇ. ಆಮೇಲೆ ಅದರ ಮೇಲೇ ಮಾಂಸ ಕತ್ತರಿಸಿ ಕೊಟ್ಟರು. ಅಂಥ ಅಂಗಡಿಯಿಂದ ಮಾಂಸ ತಂದವರಿಗೆ ರೋಗ ಬಂದಿರೋ ಸಂಭವ ಉಳಿದವರಿಗಿಂತ 15 ಪಟ್ಟು ಜಾಸ್ತಿ ಅಂತ ಲೆಕ್ಕ ಸಿಕ್ಕಿತು. ತಿಂದು ಹತ್ತರಿಂದ ಹದಿನಾರು ವರ್ಷ ಆದ ಮೇಲೆ ರೋಗ ಕಂಡಿತ್ತು.

ಕಟುಕರ ಮೇಲೆ ತಪ್ಪು ಹೊರಿಸೋಕೆ ನನಗೆ ಮನಸ್ಸಿಲ್ಲ. ತಲೆಮಾರುಗಳಿಂದ ಮಾಡಿದ ಕೆಲಸವನ್ನೇ ಅವರು ಮಾಡಿದರು. ಹಲಗೆ ಮೇಲೆ ಏನಿದೆ ಅಂತ ಅವರಿಗೆ ಹೇಳಿದವರಿರಲಿಲ್ಲ.

ದೇಶದ ಬೇರೆ ಕಡೆ ಹೆಚ್ಚಾಗಿ ಹರಡಿದ್ದು ಅಗ್ಗದ ಬರ್ಗರ್, ಸಾಸೇಜ್, ಪೈಗಳಿಂದ ಅನ್ನೋ ಅಭಿಪ್ರಾಯವಿದೆ. ಬೆನ್ನುಮೂಳೆಗೆ ಅಂಟಿದ ಚೂರುಪಾರು ಮಾಂಸವನ್ನು ಯಂತ್ರದಿಂದ ಒತ್ತಿ ತೆಗೆಯುತ್ತಿದ್ದರು. ಅದರ ಜೊತೆ ನರದ ತುಣುಕೂ ಬರುತ್ತಿತ್ತು. ಬೆನ್ನುಮೂಳೆಯಿಂದ ಹಾಗೆ ತೆಗೆಯೋದು ನಿಂತದ್ದು 1995ರ ಕೊನೆಗೆ.

ಸತ್ಯಾನ್ವೇಷಿ

ಹಾಗಾದರೆ ನಾನು ಹೇಳಿದ್ದೇ ಆಯ್ತಲ್ಲ ಸರ್. ತಿಂದವರಿಗೆ ಬಂತು.

ಮಿಡ್‌ಲ್ಯಾಂಡ್ಸ್_ಡಾಕ್ಟರ್

ಅರ್ಧ ಸರಿ. ಸತ್ತವರಲ್ಲಿ ಒಬ್ಬ ಯುವತಿ 12 ವರ್ಷದಿಂದ ಸಸ್ಯಾಹಾರಿಯಾಗಿದ್ದಳು. ಚಿಕ್ಕವಳಿದ್ದಾಗ ತಿಂದದ್ದು ಅಷ್ಟು ವರ್ಷ ಒಳಗೇ ಕೂತಿತ್ತು. ಇನ್ನೊಂದು ದಾರಿ ರಕ್ತ. ರೋಗ ಒಳಗಿದ್ದೂ ಹೊರಗೆ ಕಾಣದವರು ಕೊಟ್ಟ ರಕ್ತದಿಂದ ನಾಲ್ಕು ಮಂದಿಗೆ ಸೋಂಕು ದಾಟಿತು. ಮೊದಲನೆಯದು 2003ರ ಡಿಸೆಂಬರ್‌ನಲ್ಲಿ ಹೊರಬಂತು. ಅದಕ್ಕೇ ಸಹನಾ ಅವರ ಫಾರ್ಮ್ ನೋಡಿ ಆ ನರ್ಸ್ ಪೆನ್ನು ಕೆಳಗಿಟ್ಟದ್ದು. ತಿನ್ನದಿದ್ದವರೂ ಅಲ್ಲಿ ರಕ್ತ ತಗೊಂಡಿರಬಹುದು, ನಿಯಮ ಎಲ್ಲರಿಗೂ ಒಂದೇ ಇತ್ತು.

ಸಹನಾ, ನಿಮ್ಮ ಎರಡನೇ ಪ್ರಶ್ನೆ. 2013ರಲ್ಲಿ 32,441 ಅಪೆಂಡಿಕ್ಸ್ ಮಾದರಿ ಪರೀಕ್ಷಿಸಿದ ವರದಿ ಬಂತು. ಆಪರೇಷನ್ ಮಾಡಿ ತೆಗೆದಿಟ್ಟವು. 16ರಲ್ಲಿ ಡೊಂಕು ಪ್ರೋಟೀನ್ ಸಿಕ್ಕಿತು. ಅಂದರೆ ಬ್ರಿಟನ್ನಿನಲ್ಲಿ ಸುಮಾರು ಎರಡು ಸಾವಿರ ಜನಕ್ಕೆ ಒಬ್ಬರು. ಅವರಲ್ಲಿ ಬಹುಪಾಲು ಜನರಿಗೆ ರೋಗ ಬಂದಿಲ್ಲ. 2016ರ ನಂತರ ಇಲ್ಲಿ ಒಂದೂ ಹೊಸ ರೋಗಿ ಇಲ್ಲ. ನೀವು ಮಾಂಸ ತಿಂದಿಲ್ಲ, ರಕ್ತ ತಗೊಂಡಿಲ್ಲ ಅಂದರೆ ನಿಶ್ಚಿಂತೆಯಿಂದ ಇರಿ. ರಕ್ತ ಕೊಡಿ.

ತಿಪಟೂರು_ಕೊಟ್ಟಿಗೆ

ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಂದು ಬಂದಿದೆ, ಹಾಲಿನಿಂದಲೂ ಹರಡುತ್ತೆ ಅಂತ. ನನ್ನ ಹತ್ರ ಆರು ಹಸು ಇವೆ, ಡೈರಿಗೆ ಹಾಲು ಹಾಕ್ತೀನಿ. ಇದನ್ನ ಓದಿದ ಮೇಲೆ ಹಿಂಡಿ ಚೀಲ ತಿರುಗಿಸಿ ಓದಿದೆ. ಮೆಕ್ಕೆಜೋಳ, ತೌಡು, ಹತ್ತಿಬೀಜದ ಹಿಂಡಿ, ಕಾಕಂಬಿ, ಖನಿಜ ಮಿಶ್ರಣ ಅಂತಿದೆ. ಮೂಳೆ ಅಂತ ಇಲ್ಲ. ಆದರೆ ನಮ್ಮ ಒಂದು ಹಸು ಬಯಲಿಗೆ ಬಿಟ್ರೆ ಒಣಗಿದ ಮೂಳೆ ಹುಡುಕಿ ಅಗಿಯುತ್ತೆ. ಗಾಬರಿ ಆಗ್ತಿದೆ ಡಾಕ್ಟ್ರೇ.

ನಿವೃತ್ತ_ಪಶುವೈದ್ಯ

ಗಾಬರಿ ಬೇಡ. ಹಾಲಿನಿಂದ ಹರಡಿದ್ದು ಎಲ್ಲೂ ಕಂಡಿಲ್ಲ. ಭಾರತದಲ್ಲಿ ಈ ರೋಗದ ಒಂದು ಹಸುವೂ ಸಿಕ್ಕಿಲ್ಲ. ನಮ್ಮಲ್ಲಿ ದನಗಳು ಹುಲ್ಲು, ಹಿಂಡಿ ತಿಂದು ಬೆಳೆದವು. ಅದು ನಮ್ಮ ಪುಣ್ಯ ಅಂತಲೇ ಅಂದುಕೊಳ್ಳಿ. ಚೀಲ ತಿರುಗಿಸಿ ಓದಿದಿರಲ್ಲ, ಆ ಅಭ್ಯಾಸ ಬಿಡಬೇಡಿ. ಖನಿಜ ಮಿಶ್ರಣ ತಗೊಳ್ಳುವಾಗ ಫಾಸ್ಫೇಟ್ ಕಲ್ಲಿನದಾ ಮೂಳೆಯದಾ ಅಂತ ಕೇಳಿ. ಕಲ್ಲಿನದನ್ನೇ ತನ್ನಿ.

ಹಸು ಮೂಳೆ ಅಗಿಯೋದು ರಂಜಕದ ಕೊರತೆಯಿಂದ. ಅದರ ನಿಜವಾದ ಅಪಾಯ ಬಾಟ್ಯುಲಿಸಂ. ಹಳೇ ಮೂಳೆಯಲ್ಲಿರೋ ವಿಷಕ್ಕೆ ಹಸು ಕಾಲು ಸೋತು ಮಲಗಿಬಿಡುತ್ತೆ. ದಿನಾ ಖನಿಜ ಮಿಶ್ರಣ ಕೊಡಿ, ಚಟ ತಾನಾಗೇ ಬಿಡುತ್ತೆ.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ನಮ್ಮೂರಲ್ಲಿ ಹಸುವಿಗೆ ಹುಚ್ಚು ಹಿಡಿದಿದೆ ಅಂದರೆ ಅದು ರೇಬಿಸ್. ನಾಯಿ ಕಚ್ಚಿದ್ದು. ಜೊಲ್ಲು ಸುರಿಸುತ್ತೆ, ದನಿ ಒಡೆದು ಕೂಗುತ್ತೆ, ಮೇವು ನುಂಗೋಕೆ ಆಗಲ್ಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂತ ಮನೆಯವರು ಬಾಯಿಗೆ ಕೈ ಹಾಕ್ತಾರೆ. ದಯವಿಟ್ಟು ಹಾಕಬೇಡಿ. ಹಾಕಿದ್ದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ತಗೊಳ್ಳಿ. ಹಾಗೆ ಕೈ ಹಾಕಿದ ಮೂವರನ್ನು ಬೈದು ಜೀಪಿನಲ್ಲಿ ಕೂರಿಸಿಕೊಂಡು ಹೋಗಿದ್ದೇನೆ. ಮೂವರೂ ಇದ್ದಾರೆ.

ತುಂಗಾತೀರ

ಎರಡು ದಿನದಿಂದ ಓದ್ತಾ ಇದ್ದೆ. ಬರೆಯೋದಾ ಬೇಡವಾ ಅಂತ ಯೋಚಿಸ್ತಿದ್ದೆ.

ನಮ್ಮಪ್ಪ ಶಿವಮೊಗ್ಗ ಹತ್ತಿರ ಮೇಷ್ಟ್ರಾಗಿದ್ದರು. 62 ವರ್ಷ. ಹೋದ ವರ್ಷ ಇದ್ದಕ್ಕಿದ್ದ ಹಾಗೆ ಲೆಕ್ಕ ತಪ್ಪೋಕೆ ಶುರುವಾಯ್ತು. ಹಾಲಿನವನಿಗೆ ಎರಡು ಸಲ ದುಡ್ಡು ಕೊಟ್ಟರು. ಆಮೇಲೆ ತೂರಾಡೋದು, ಕೈ ಕಾಲು ಜಗ್ ಅಂತ ಎಳೆಯೋದು. ಎಂಆರ್‌ಐ, ಇಇಜಿ ಎಲ್ಲ ಆಗಿ ಸಿಜೆಡಿ ಅಂದರು. ಐದು ತಿಂಗಳಲ್ಲಿ ಹೋದರು.

ಯಾರೋ ನೆಂಟರು ಮೊಬೈಲಲ್ಲಿ ಹುಡುಕಿ, ಇದು ಹುಚ್ಚು ಹಸು ರೋಗ ಅಂದರು. ಜೀವಮಾನದಲ್ಲಿ ಮಾಂಸ ಮುಟ್ಟದ ಅಪ್ಪ ಏನು ತಿಂದಿದ್ದರು ಅಂತ ಅಮ್ಮನನ್ನು ಕೇಳಿದರು. ಅಪ್ಪ ಕುಡಿದ ಲೋಟ ಎಸೆಯಿರಿ ಅಂದರು. ಅಸ್ಥಿ ಬಿಡೋಕೆ ಕೂಡ್ಲಿಗೆ ಚಿಕ್ಕಪ್ಪ ಬರಲಿಲ್ಲ. ಬೂದಿಯಿಂದಲೂ ಅಂಟುತ್ತೆ ಅಂತ ಯಾರೋ ಹೇಳಿದ್ದರಂತೆ. ನಾನು, ಅಮ್ಮ ಇಬ್ಬರೇ ಹೋದೆವು.

ಡಾಕ್ಟರ್, ಅಪ್ಪನಿಗೆ ಬಂದದ್ದು ಅದೇನಾ?

ಮಿಡ್‌ಲ್ಯಾಂಡ್ಸ್_ಡಾಕ್ಟರ್

ಅಲ್ಲಮ್ಮ. ನೀವು ಹೇಳಿದ್ದನ್ನು ನೋಡಿದರೆ ಅದಲ್ಲ. ಹೆಸರು ಒಂದೇ ಥರ ಇರೋದಕ್ಕೆ ಎಷ್ಟು ಮನೆಗಳಲ್ಲಿ ಇಂಥ ನೋವಾಗಿದೆಯೋ.

ಹಸುವಿನಿಂದ ಬಂದದ್ದು ಎಳೆಯರಿಗೆ ಬರುತ್ತೆ, ಒಂದು ವರ್ಷಕ್ಕೂ ಮೇಲೆ ಎಳೆಯುತ್ತೆ, ಮನಸ್ಸಿನ ಬೇಸರದಿಂದ ಶುರುವಾಗುತ್ತೆ. ನಿಮ್ಮ ತಂದೆಯವರದು ತಾನಾಗಿಯೇ ಬರೋ ಸಿಜೆಡಿಯ ಹಾಗಿದೆ. ಅರವತ್ತರ ಆಸುಪಾಸಿನಲ್ಲಿ ಬಂದು ನಾಲ್ಕೈದು ತಿಂಗಳಲ್ಲಿ ಮುಗಿಯುತ್ತೆ. ಪ್ರಪಂಚದ ಎಲ್ಲ ದೇಶದಲ್ಲೂ ವರ್ಷಕ್ಕೆ ಹತ್ತು ಲಕ್ಷಕ್ಕೆ ಒಬ್ಬರೋ ಇಬ್ಬರೋ. ಏನು ತಿಂದರು ಅನ್ನೋದಕ್ಕೂ ಅದಕ್ಕೂ ಸಂಬಂಧ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಹುಚ್ಚು ಹಸು ರೋಗದ ಹೆಸರು ಜನ ಕೇಳೋದಕ್ಕೂ ಮುಂಚಿನಿಂದ, 1970ರ ದಶಕದಿಂದಲೇ ಇಂಥ ರೋಗಿಗಳನ್ನು ದಾಖಲು ಮಾಡಿದ್ದಾರೆ. ನೂರಕ್ಕೆ ಹತ್ತು ಹದಿನೈದು ಮಂದಿಗೆ ವಂಶವಾಹಿಯಿಂದ ಬರೋದುಂಟು. ಹಾಗಾಗಿ ನಿಮ್ಮ ನರರೋಗ ತಜ್ಞರನ್ನು ಅದರ ಬಗ್ಗೆ ಒಮ್ಮೆ ಕೇಳಿ.

ಮುಟ್ಟಿದರೆ, ಜೊತೆ ಊಟ ಮಾಡಿದರೆ, ಲೋಟದಿಂದ, ಬಟ್ಟೆಯಿಂದ ಬರಲ್ಲ. ದಹನ ಮಾಡಬಾರದು ಅನ್ನೋ ನಿಯಮ ಎಲ್ಲೂ ಇಲ್ಲ. ಅಪ್ಪನ ಲೋಟ ಇಟ್ಟುಕೊಳ್ಳಿ.

ಬಯೋಕೆಮ್_ಮೈಸೂರು

ತುಂಗಾ ಅಕ್ಕ, ಬೂದಿಯ ಮಾತು ಬಂದದ್ದಕ್ಕೆ ಒಂದು ಹೇಳಬೇಕು. ಹಸುವಿಗೆ ಮೊದಲು ರೋಗ ಹೇಗೆ ಬಂತು ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ಬ್ರಿಟಿಷ್ ಸಂಶೋಧಕರು ಒಂದು ಊಹೆ ಬರೆದರು. ಭಾರತ ಉಪಖಂಡದಿಂದ ಗೊಬ್ಬರಕ್ಕೆ, ದನದ ಆಹಾರಕ್ಕೆ ಅಂತ ಹೋದ ಮೂಳೆಗಳಲ್ಲಿ ಗಂಗೆಯಲ್ಲಿ ಬಿಟ್ಟ ಶವಗಳ ಮೂಳೆಯೂ ಸೇರಿತ್ತು, ಅದರಿಂದಲೇ ಶುರುವಾಯಿತು ಅಂತ. ಅದೇ ಸಂಚಿಕೆಯಲ್ಲಿ ಉತ್ತರ ಬರೆದವರು ನಮ್ಮ ನಿಮ್ಹಾನ್ಸ್‌ನ ಎಸ್. ಕೆ. ಶಂಕರ್ ಮತ್ತು ಪಿ. ಸತೀಶ್ಚಂದ್ರ. ಸಿಜೆಡಿ ಇಲ್ಲಿ ಎಷ್ಟು ಅಪರೂಪ, ಆ ಊಹೆಗೆ ಆಧಾರ ಎಷ್ಟು ತೆಳು ಅಂತ ವಿವರವಾಗಿ ತೋರಿಸಿದರು. ಎರಡನ್ನೂ ಓದಿದ್ದೇನೆ. ಸಿಟ್ಟಿಲ್ಲದೆ, ಬರೀ ಲೆಕ್ಕ ಮುಂದಿಟ್ಟು ಬರೆದ ಉತ್ತರ ಅದು.

ಸತ್ಯಾನ್ವೇಷಿ

ತುಂಗಾ ಅವರೇ, ಮೊದಲ ದಿನ ನಾನು ಬರೆದದ್ದು ನಿಮಗೆ ನೋವು ಕೊಟ್ಟಿದ್ದರೆ ಕ್ಷಮಿಸಿ. ತಿಂದವರಿಗೆ ಮಾತ್ರ ಅಂತ ನಿಜವಾಗಿಯೂ ನಂಬಿದ್ದೆ. ನಿಮ್ಮ ಅಮ್ಮನಿಗೆ ಅದೇ ಮಾತು ಯಾರೋ ಹೇಳಿದ್ದರು ಅಂತ ಓದಿದಾಗ ಎದೆ ಝಲ್ ಅಂದಿತು.

ಸಹನಾ_ಎಡಿಸನ್

ಶನಿವಾರ ರಕ್ತ ಕೊಟ್ಟು ಬಂದೆ. ಲೆಸ್ಟರ್ ಅಂತ ಬರೆದೆ, ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಧನ್ಯವಾದ. ತುಂಗಾ, ನಿಮಗೆ ಬೇರೆಯಾಗಿ ಮೆಸೇಜ್ ಮಾಡಿದ್ದೇನೆ, ನೋಡಿ.

ತುಂಗಾತೀರ

ನೋಡಿದೆ ಸಹನಾ. ಡಾಕ್ಟರ್ ಬರೆದದ್ದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.

ಮುಂದಿನ ತಿಂಗಳು ಅಪ್ಪನ ವರ್ಷಾಬ್ದಿಕ. ಅದೇ ಉತ್ತರವನ್ನು ಚಿಕ್ಕಪ್ಪನಿಗೂ ಕಳಿಸಿ, ಬನ್ನಿ ಅಂತ ಕರೆದಿದ್ದೇನೆ. ನೀಲಿ ಟಿಕ್ ಬಂದಿದೆ.